ಅಮೆರಿಕದ ಕಂಪನಿ ಟಿಡಿಎಸ್ ಹಿಡಿಯುವುದಿಲ್ಲ, ಹಾಗಾದರೆ ತೆರಿಗೆ ಯಾವಾಗ, ಎಷ್ಟು ಕಟ್ಟಬೇಕು?

ಪ್ರಶ್ನೆ: ನಾನು ಹುಬ್ಬಳ್ಳಿಯವಳು, ಸಾಫ್ಟ್‌ವೇರ್ ಡೆವಲಪರ್. 2025ರ ಮೇ ತನಕ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದೆ. ತಿಂಗಳಿಗೆ 80 ಸಾವಿರ ಸಂಬಳ, ಏಪ್ರಿಲ್-ಮೇ ಸಂಬಳದಲ್ಲಿ ಟಿಡಿಎಸ್ (ದುಡ್ಡು ಕೊಡುವವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿದಿರಲಿಲ್ಲ. ಜೂನ್‌ನಿಂದ ಮನೆಯಲ್ಲೇ ಕೂತು ಅಮೆರಿಕದ ಒಂದು ಕಂಪನಿಗೆ ಕೆಲಸ ಮಾಡುತ್ತಿದ್ದೇನೆ. ಕಾಂಟ್ರಾಕ್ಟರ್ ಅಂತ ಒಪ್ಪಂದ. ತಿಂಗಳಿಗೆ ಸುಮಾರು ಎರಡೂವರೆ ಲಕ್ಷ ಬರುತ್ತದೆ, ಒಂದು ರೂಪಾಯಿಯೂ ಕಟ್ ಆಗುವುದಿಲ್ಲ. ಎಫ್‌ಡಿ ಬಡ್ಡಿ ವರ್ಷಕ್ಕೆ 25 ಸಾವಿರ ಇದೆ. ಫಾರ್ಮ್ 26ಎಎಸ್ ತೆಗೆದು ನೋಡಿದರೆ ಖಾಲಿ. ದುಬೈನಲ್ಲಿರುವ ಸೋದರಮಾವ 'ಹೊರದೇಶದ ದುಡ್ಡಿಗೆ ಟ್ಯಾಕ್ಸ್ ಇಲ್ಲ' ಅನ್ನುತ್ತಾರೆ. ಗೆಳತಿ 'ಮೂವತ್ತು ಪರ್ಸೆಂಟ್ ತೆಗೆದಿಡು' ಅನ್ನುತ್ತಾಳೆ. ಡಿಸೆಂಬರ್ ಮುಗಿದೇಹೋಯಿತು, ಇನ್ನೂ ಏನೂ ಕಟ್ಟಿಲ್ಲ. ದಂಡ ಬೀಳುತ್ತಾ? ಇದನ್ನೆಲ್ಲ ನಾನೇ ಮಾಡಿಕೊಳ್ಳಬಹುದಾ, ಸಿಎ ಬೇಕೇ ಬೇಕಾ?

ಉತ್ತರ: ನೀವಿನ್ನೂ ತಡ ಮಾಡಿಲ್ಲ. ಮಾರ್ಚ್ 15ರ ಒಳಗೆ ಒಂದು ಕಂತು ಕಟ್ಟಿದರೆ ಬಡ್ಡಿಯೂ ಇಲ್ಲ, ದಂಡವೂ ಇಲ್ಲ. ಹೇಗೆ ಅಂತ ಹೇಳುತ್ತೇನೆ. ಅದಕ್ಕೂ ಮುಂಚೆ ಮಾವನ ಮಾತು.

ಮಾವ ಸುಳ್ಳು ಹೇಳುತ್ತಿಲ್ಲ, ಅವರ ಮಟ್ಟಿಗೆ ಅದು ಸರಿ. ಅವರು ವರ್ಷದ ಬಹುಪಾಲು ದುಬೈನಲ್ಲಿರುತ್ತಾರೆ, ಅಲ್ಲೇ ದುಡಿಯುತ್ತಾರೆ. ನಮ್ಮ ಕಾನೂನಿನ ಲೆಕ್ಕದಲ್ಲಿ ಅವರು ಅನಿವಾಸಿ. ಅಲ್ಲಿ ದುಡಿದದ್ದಕ್ಕೆ ಇಲ್ಲಿ ತೆರಿಗೆ ಇಲ್ಲ. ನೀವು ಹುಬ್ಬಳ್ಳಿಯಲ್ಲಿ ಕೂತು ದುಡಿಯುತ್ತಿದ್ದೀರಿ. ದುಡ್ಡು ಎಲ್ಲಿಂದ ಬಂತು ಅನ್ನುವುದಲ್ಲ, ನೀವು ಎಲ್ಲಿದ್ದೀರಿ, ಕೆಲಸ ಎಲ್ಲಿ ನಡೆಯಿತು ಅನ್ನುವುದು ಇಲ್ಲಿ ಮುಖ್ಯ. ಡಾಲರ್‌ನಲ್ಲಿ ಬಂದರೂ ನಿಮ್ಮ ಆದಾಯಕ್ಕೆ ಇಲ್ಲಿ ಪೂರ್ತಿ ತೆರಿಗೆ ಇದೆ.

26ಎಎಸ್ ಖಾಲಿ ಇರುವುದೂ ಸಹಜವೇ. ಬೇರೆಯವರು ನಿಮ್ಮ ಹೆಸರಲ್ಲಿ ಹಿಡಿದು ಕಟ್ಟಿದ ತೆರಿಗೆ ಅದರಲ್ಲಿ ಕಾಣಿಸುತ್ತದೆ. ಅಮೆರಿಕದ ಕಂಪನಿ ನಮ್ಮ ಸರ್ಕಾರಕ್ಕೆ ಟಿಡಿಎಸ್ ಕಟ್ಟುವುದಿಲ್ಲ, ಹಾಗಾಗಿ ಅಲ್ಲಿ ಏನೂ ಬರುವುದಿಲ್ಲ. ಎಷ್ಟೋ ಜನ ಇದನ್ನು ನೋಡಿ 'ಇಲಾಖೆಗೆ ಗೊತ್ತೇ ಇಲ್ಲ' ಅಂದುಕೊಂಡು ಸುಮ್ಮನಾಗುತ್ತಾರೆ. ಹೊರದೇಶದಿಂದ ಬಂದ ಪ್ರತಿ ಮೊತ್ತಕ್ಕೂ ಬ್ಯಾಂಕ್ ಒಂದು ಪರ್ಪಸ್ ಕೋಡ್ ಹಾಕಿರುತ್ತದೆ. ದುಡ್ಡು ಯಾಕೆ ಬಂತು ಅಂತ ಅದರಲ್ಲೇ ಬರೆದಿರುತ್ತದೆ. ಕಾಗದ ಇಲ್ಲದ ದುಡ್ಡು ಇದಲ್ಲ.

ಈಗ ಲೆಕ್ಕಕ್ಕೆ ಬರೋಣ. ಇದು 2025-26ರ ಹಣಕಾಸು ವರ್ಷದ ಲೆಕ್ಕ, ಹೊಸ ತೆರಿಗೆ ಪದ್ಧತಿಯಲ್ಲಿ.

ನಿಮ್ಮದು ಕಾಂಟ್ರಾಕ್ಟ್. ಮನೆಯಲ್ಲಿ ಎಲ್ಲರೂ 'ಸಂಬಳ' ಅಂತಲೇ ಕರೆಯಬಹುದು, ಕಾನೂನಿನಲ್ಲಿ ಅದು ವೃತ್ತಿಯ ಆದಾಯ. ಇದರಿಂದ ಒಂದು ನಷ್ಟ ಇದೆ: ಸಂಬಳದವರಿಗೆ ಸಿಗುವ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಈ ದುಡ್ಡಿಗೆ ಸಿಗುವುದಿಲ್ಲ. ಅದಕ್ಕಿಂತ ಎಷ್ಟೋ ದೊಡ್ಡ ಲಾಭ ಒಂದಿದೆ, ಅದು ಸೆಕ್ಷನ್ 44ಎಡಿಎ. ಡಾಕ್ಟರು, ವಕೀಲರು, ಎಂಜಿನಿಯರು, ಆರ್ಕಿಟೆಕ್ಟ್, ಅಕೌಂಟೆಂಟ್, ತಾಂತ್ರಿಕ ಸಲಹೆಗಾರರು, ಮಾಹಿತಿ ತಂತ್ರಜ್ಞಾನದವರು ಹೀಗೆ ಕಾನೂನು ಪಟ್ಟಿ ಮಾಡಿರುವ ಕೆಲವು ವೃತ್ತಿಗಳಿಗೆ ಇದು ಅನ್ವಯಿಸುತ್ತದೆ. ಬಂದ ಒಟ್ಟು ಹಣದ ಅರ್ಧವನ್ನು ಆದಾಯ ಅಂತ ತೋರಿಸಿದರೆ ಸಾಕು, ಉಳಿದರ್ಧ ಖರ್ಚಾಯಿತು ಅಂತ ಕಾನೂನೇ ಒಪ್ಪಿಕೊಳ್ಳುತ್ತದೆ. ಬಿಲ್ ತೋರಿಸುವುದು ಬೇಡ, ಆಡಿಟ್ ಬೇಡ. ಒಟ್ಟು ಜಮೆ 50 ಲಕ್ಷ ದಾಟಬಾರದು. ನಗದು ಶೇಕಡಾ 5ಕ್ಕಿಂತ ಜಾಸ್ತಿ ಇಲ್ಲದಿದ್ದರೆ ಮಿತಿ 75 ಲಕ್ಷ. ನಿಮಗೆ ನಗದು ಬರುವುದೇ ಇಲ್ಲ.

ಜೂನ್‌ನಿಂದ ಮಾರ್ಚ್‌ಗೆ ಹತ್ತು ತಿಂಗಳು, 25 ಲಕ್ಷ. ಅದರ ಅರ್ಧ 12.5 ಲಕ್ಷ. ಏಪ್ರಿಲ್, ಮೇ ಸಂಬಳ 1.6 ಲಕ್ಷ. ಅದು ನಿಜವಾದ ಸಂಬಳ, ಹಾಗಾಗಿ ಅದಕ್ಕೆ 75 ಸಾವಿರ ಕಳೆಯಬಹುದು, ಉಳಿದದ್ದು 85 ಸಾವಿರ. ಎಫ್‌ಡಿ ಬಡ್ಡಿ 25 ಸಾವಿರ. ಎಲ್ಲ ಕೂಡಿದರೆ 13 ಲಕ್ಷದ 60 ಸಾವಿರ.

ಇಲ್ಲೇ ತುಂಬ ಜನ ಎಡವುತ್ತಾರೆ. '12 ಲಕ್ಷದ ತನಕ ಟ್ಯಾಕ್ಸ್ ಇಲ್ಲ ಅಲ್ವಾ, ಮೇಲಿನ 1.6 ಲಕ್ಷಕ್ಕೆ ಶೇಕಡಾ 15 ಅಂದರೆ 24 ಸಾವಿರ ಕಟ್ಟಿದರಾಯಿತು' ಅಂದುಕೊಳ್ಳುತ್ತಾರೆ. ಹಾಗಲ್ಲ. 12 ಲಕ್ಷದವರೆಗೆ ಸಿಗುವುದು ರಿಬೇಟ್, ಅಂದರೆ ತೆರಿಗೆ ಲೆಕ್ಕ ಹಾಕಿ ಆಮೇಲೆ ಬಿಟ್ಟುಕೊಡುವುದು. ಆದಾಯ ಆ ಗೆರೆ ದಾಟಿತು ಅಂದರೆ ರಿಬೇಟ್ ಹೋಯಿತು, ಕೆಳಗಿನ ಸ್ಲ್ಯಾಬ್‌ಗಳೆಲ್ಲ ಎದ್ದು ಕೂರುತ್ತವೆ. ಮೊದಲ 4 ಲಕ್ಷಕ್ಕೆ ಏನೂ ಇಲ್ಲ. 4ರಿಂದ 8 ಲಕ್ಷದವರೆಗೆ ಶೇಕಡಾ 5, ಅಂದರೆ 20 ಸಾವಿರ. 8ರಿಂದ 12ಕ್ಕೆ ಶೇಕಡಾ 10, ಅಂದರೆ 40 ಸಾವಿರ. ಮೇಲಿನ 1.6 ಲಕ್ಷಕ್ಕೆ 24 ಸಾವಿರ. ಒಟ್ಟು 84 ಸಾವಿರ. ಅದರ ಮೇಲೆ ಶೇಕಡಾ 4 ಸೆಸ್, 3,360. ನೀವು ಕಟ್ಟಬೇಕಾದ್ದು 87,360 ರೂಪಾಯಿ. 12 ಲಕ್ಷವನ್ನು ಸ್ವಲ್ಪವೇ ದಾಟಿದವರಿಗೆ ಮಾರ್ಜಿನಲ್ ರಿಲೀಫ್ ಅಂತ ಒಂದು ರಿಯಾಯಿತಿ ಇದೆ, ನೀವು ಅದಕ್ಕಿಂತ ಮುಂದೆ ಹೋಗಿದ್ದೀರಿ.

ಗೆಳತಿ ಹೇಳಿದ ಮೂವತ್ತು ಪರ್ಸೆಂಟ್ ಎಲ್ಲಿಂದ ಬಂತು? 24 ಲಕ್ಷದ ಮೇಲಿನ ಆದಾಯಕ್ಕೆ ಆ ದರ, ಅದೂ ಮೇಲಿನ ಭಾಗಕ್ಕೆ ಮಾತ್ರ. ನಿಮ್ಮ ಲೆಕ್ಕದಲ್ಲಿ ಬಂದ ದುಡ್ಡಿನ ಶೇಕಡಾ ಮೂರೂವರೆ ಹೋಗುತ್ತದೆ, ಅಷ್ಟೇ. ತಿಂಗಳು ತಿಂಗಳು 75 ಸಾವಿರ ತೆಗೆದಿಟ್ಟು ಒದ್ದಾಡಬೇಕಿಲ್ಲ.

ಆದರೆ ಎಲ್ಲರಿಗೂ ಈ ಅದೃಷ್ಟ ಇಲ್ಲ. 44ಎಡಿಎ ಪಟ್ಟಿಯಲ್ಲಿ ಇಲ್ಲದ ಕೆಲಸ ಮಾಡುವವರು ನಿಜವಾದ ಖರ್ಚನ್ನೇ ತೋರಿಸಿ ಲೆಕ್ಕ ಕೊಟ್ಟರೆ ಚಿತ್ರ ಬೇರೆ. ಅದೇ 25 ಲಕ್ಷ, ಲ್ಯಾಪ್‌ಟಾಪು, ಇಂಟರ್ನೆಟ್ಟು, ಬಾಡಿಗೆ ಅಂತ 3 ಲಕ್ಷ ಖರ್ಚು ಅಂದುಕೊಳ್ಳಿ. ಸಂಬಳ, ಬಡ್ಡಿ ಸೇರಿಸಿ ಆದಾಯ 23.1 ಲಕ್ಷ ಆಗುತ್ತದೆ. ತೆರಿಗೆ, ಸೆಸ್ ಕೂಡಿ 2,88,600. ಮೂರು ಪಟ್ಟಿಗಿಂತ ಜಾಸ್ತಿ. ಹಾಗಾಗಿ ನಿಮ್ಮ ಒಪ್ಪಂದವನ್ನು ಒಮ್ಮೆ ತೆಗೆದು ಓದಿ. ಸಾಫ್ಟ್‌ವೇರ್ ಅಭಿವೃದ್ಧಿ, ತಾಂತ್ರಿಕ ಸಲಹೆ ಅಂತ ಸ್ಪಷ್ಟವಾಗಿ ಇದ್ದರೆ ಒಳ್ಳೆಯದು. ಇನ್‌ವಾಯ್ಸ್‌ನಲ್ಲೂ ಅದನ್ನೇ ಬರೆಯಿರಿ, ಸುಮ್ನೆ 'ಮಂಥ್ಲಿ ಪೇಮೆಂಟ್' ಅಂತ ಹಾಕಬೇಡಿ.

ಇನ್ನು ಕಳೆದುಹೋದ ಡಿಸೆಂಬರ್ ವಿಷಯ. ವರ್ಷದ ತೆರಿಗೆ 10 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಬಾಕಿ ಬರುವವರು ಮುಂಗಡ ತೆರಿಗೆ ಕಟ್ಟಬೇಕು. ಸಾಮಾನ್ಯವಾಗಿ ಅದಕ್ಕೆ ನಾಲ್ಕು ಕಂತು: ಜೂನ್ 15ಕ್ಕೆ ಶೇಕಡಾ 15, ಸೆಪ್ಟೆಂಬರ್ 15ಕ್ಕೆ ಒಟ್ಟು 45, ಡಿಸೆಂಬರ್ 15ಕ್ಕೆ 75, ಮಾರ್ಚ್ 15ಕ್ಕೆ ಪೂರ್ತಿ. 44ಎಡಿಎ ಪ್ರಕಾರ ಆದಾಯ ತೋರಿಸುವವರಿಗೆ ಮೊದಲ ಮೂರು ಕಂತಿಲ್ಲ. ಮಾರ್ಚ್ 15ಕ್ಕೆ ಒಂದೇ ಸಲ ಪೂರ್ತಿ ಕಟ್ಟಿದರೆ ಆಯಿತು. ಅದಕ್ಕೇ ನೀವಿನ್ನೂ ತಡ ಮಾಡಿಲ್ಲ ಅಂದದ್ದು.

2026ರ ಮಾರ್ಚ್ 15 ಭಾನುವಾರ. ಬ್ಯಾಂಕ್ ರಜೆ ಇದ್ದರೆ ಮರುದಿನ ಕಟ್ಟಿದರೂ ನಡೆಯುತ್ತದೆ ಅನ್ನುವ ನಿಯಮ ಇದೆ. ಅದನ್ನು ನಂಬಿ ಕೂರುವ ಬದಲು ಶುಕ್ರವಾರವೇ ಮುಗಿಸಿಬಿಡಿ. ಕೊನೆಯ ದಿನ ಪೋರ್ಟಲ್ ಎಷ್ಟು ನಿಧಾನ ಅಂತ ನಿಮ್ಮ ಊರಿನ ಯಾವ ಸಿಎ ಆಫೀಸಿನಲ್ಲಿ ಕೇಳಿದರೂ ಹೇಳುತ್ತಾರೆ.

ಕಟ್ಟದೆ ಬಿಟ್ಟರೆ ಏನಾಗುತ್ತದೆ? ಜುಲೈಯಲ್ಲಿ ರಿಟರ್ನ್ ಹಾಕುವಾಗ ಕಟ್ಟಿದಿರಿ ಅಂದುಕೊಳ್ಳಿ. ಏಪ್ರಿಲ್‌ನಿಂದ ಜುಲೈಗೆ ನಾಲ್ಕು ತಿಂಗಳು, ತಿಂಗಳಿಗೆ ಶೇಕಡಾ 1ರಂತೆ 3,492 ರೂಪಾಯಿ ಬಡ್ಡಿ. ಮಾರ್ಚ್ ಕಂತು ತಪ್ಪಿಸಿದ್ದಕ್ಕೆ ಇನ್ನೊಂದು ಶೇಕಡಾ 1, ಅಂದರೆ 873. ಎರಡೂ ಸೇರಿ 4,365. ಮನೆ ಮುಳುಗುವ ಮೊತ್ತ ಅಲ್ಲ. ನಾಲ್ಕು ಕಂತು ಕಟ್ಟಬೇಕಾದವರು ಎಲ್ಲವನ್ನೂ ತಪ್ಪಿಸಿದರೆ ಇದು ಜಾಸ್ತಿಯಾಗುತ್ತದೆ. ಬಡ್ಡಿಗಿಂತ ನನಗೆ ಹೆಚ್ಚು ಚಿಂತೆ ಏನಂದರೆ, ಆ ಹೊತ್ತಿಗೆ ದುಡ್ಡು ಉಳಿದಿರುವುದಿಲ್ಲ. ಸಂಬಳದವರಿಗೆ ಕೈಗೆ ಬರುವ ಮೊದಲೇ ತೆರಿಗೆ ಹೋಗಿರುತ್ತದೆ, ಹಾಗಾಗಿ ಖಾತೆಯಲ್ಲಿರುವುದೆಲ್ಲ ಅವರದ್ದೇ. ನಿಮ್ಮ ಖಾತೆಯಲ್ಲಿ ಸರ್ಕಾರದ ಪಾಲೂ ಕೂತಿರುತ್ತದೆ, ಅದರ ಮೇಲೆ ಹೆಸರು ಬರೆದಿರುವುದಿಲ್ಲ. ಬೇರೆ ಬ್ಯಾಂಕಿನಲ್ಲಿ ಒಂದು ಉಳಿತಾಯ ಖಾತೆ ಮಾಡಿ. ಪ್ರತಿ ತಿಂಗಳು ದುಡ್ಡು ಬಂದ ದಿನವೇ 12,500 ಅದಕ್ಕೆ ಹಾಕಿ. ಅದು ಶೇಕಡಾ 5 ಆಯಿತು. ತೆರಿಗೆ ಕಟ್ಟಿ, ವೃತ್ತಿ ತೆರಿಗೆ ಕಟ್ಟಿ, ಸಿಎ ಫೀಸು ಕೊಟ್ಟ ಮೇಲೂ ಸ್ವಲ್ಪ ಉಳಿಯುತ್ತದೆ. ಆ ಖಾತೆಗೆ ಯುಪಿಐ ಜೋಡಿಸಬೇಡಿ.

ಕಟ್ಟುವುದು ಹೇಗೆ? ಆದಾಯ ತೆರಿಗೆ ಪೋರ್ಟಲ್‌ನಲ್ಲಿ 'ಇ-ಪೇ ಟ್ಯಾಕ್ಸ್' ಅಂತ ಇದೆ. ಪ್ಯಾನ್, ಮೊಬೈಲ್ ನಂಬರ್, ಓಟಿಪಿ ಕೊಟ್ಟು ಒಳಗೆ ಹೋದರೆ ಇನ್‌ಕಮ್ ಟ್ಯಾಕ್ಸ್ ಅನ್ನುವ ಪೆಟ್ಟಿಗೆ ಸಿಗುತ್ತದೆ. ಅಲ್ಲಿ ಎರಡು ಕಡೆ ಕಣ್ಣಿಟ್ಟು ನೋಡಿ. ಒಂದು, ಅಸೆಸ್‌ಮೆಂಟ್ ವರ್ಷ, ಅಂದರೆ ದುಡಿದ ವರ್ಷದ ಮುಂದಿನ ವರ್ಷ, 2026-27 ಇರಬೇಕು. ನೀವು ದುಡಿದದ್ದು 2025-26ರಲ್ಲಿ, ಆದ್ದರಿಂದ ಕೈ ತಾನಾಗಿಯೇ 2025-26ರ ಕಡೆ ಹೋಗುತ್ತದೆ. ಅದನ್ನು ಆರಿಸಿದರೆ ದುಡ್ಡು ಹಿಂದಿನ ವರ್ಷದ ಲೆಕ್ಕಕ್ಕೆ ಹೋಗಿ ಕೂರುತ್ತದೆ. ಎರಡು, ಪಾವತಿಯ ಬಗೆ 'ಅಡ್ವಾನ್ಸ್ ಟ್ಯಾಕ್ಸ್', ಅದರ ಕೋಡ್ 100. ಅದರ ಹತ್ತಿರವೇ 300 ಅಂತ ಇರುವುದು ವರ್ಷ ಮುಗಿದ ಮೇಲೆ ಕಟ್ಟುವ ಸೆಲ್ಫ್ ಅಸೆಸ್‌ಮೆಂಟ್ ತೆರಿಗೆ. ಮೊತ್ತವನ್ನು 'ಟ್ಯಾಕ್ಸ್' ಅನ್ನುವ ಮೊದಲ ಸಾಲಿನಲ್ಲಿ ಹಾಕಿ. ನೆಟ್ ಬ್ಯಾಂಕಿಂಗ್‌ನಲ್ಲಿ ಕಟ್ಟಬಹುದು. ಕೊನೆಗೆ ಬರುವ ಚಲನ್‌ನಲ್ಲಿ ಬಿಎಸ್‌ಆರ್ ಕೋಡ್ (ಬ್ಯಾಂಕ್ ಶಾಖೆಯ ನಂಬರ್), ಚಲನ್ ನಂಬರ್, ದಿನಾಂಕ ಮೂರೂ ಇರುತ್ತವೆ. ರಿಟರ್ನ್ ಹಾಕುವಾಗ ಅವೇ ಬೇಕು, ಪಿಡಿಎಫ್ ಇಟ್ಟುಕೊಳ್ಳಿ. ಕೆಲವು ದಿನ ಬಿಟ್ಟು ಪೋರ್ಟಲ್‌ನಲ್ಲಿ ಎಐಎಸ್ (ವಾರ್ಷಿಕ ಮಾಹಿತಿ ಪಟ್ಟಿ) ತೆಗೆದು ನೋಡಿ, ನೀವೇ ಕಟ್ಟಿದ ತೆರಿಗೆ ಕಾಣಿಸುವುದು 26ಎಎಸ್‌ನಲ್ಲಲ್ಲ, ಅದರಲ್ಲಿ. ಅಲ್ಲಿ ಕಾಣದಿದ್ದರೆ ಚಲನ್‌ನಲ್ಲಿ ತಪ್ಪಾಗಿದೆಯಾ ಅಂತ ನೋಡಿ, ಆಗಿದ್ದರೆ ಕೂಡಲೇ ತಿದ್ದುಪಡಿಗೆ ಹಾಕಿ. ಪೋರ್ಟಲ್‌ನಲ್ಲೇ ಆ ಸೌಲಭ್ಯ ಇದೆ, ಆದರೆ ಗಡುವು ಚಿಕ್ಕದು.

ನೀವು ಕೇಳದೇ ಇದ್ದರೂ ಹೇಳಲೇಬೇಕಾದ ವಿಷಯ ಜಿಎಸ್‌ಟಿ. ಆದಾಯ ತೆರಿಗೆಗಿಂತ ಇದರಲ್ಲೇ ನಿಮ್ಮಂಥವರು ಹೆಚ್ಚು ಸಿಕ್ಕಿಬೀಳುವುದು. ಸೇವೆ ಕೊಡುವವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಇಲ್ಲಿ ಅರ್ಧದ ಲೆಕ್ಕ ಇಲ್ಲ, ಬಂದ ಪೂರ್ತಿ ದುಡ್ಡನ್ನು ನೋಡುತ್ತಾರೆ. ರಫ್ತೂ ಇದರಲ್ಲಿ ಸೇರುತ್ತದೆ. ಜನವರಿಯ ಇನ್‌ವಾಯ್ಸ್‌ಗೆ ನಿಮ್ಮದು ಸರಿಯಾಗಿ 20 ಲಕ್ಷ ಆಗುತ್ತದೆ, ಫೆಬ್ರವರಿಯಲ್ಲಿ ದಾಟುತ್ತದೆ. ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು. ಡಾಲರ್ ದರ ಸ್ವಲ್ಪ ಏರಿದರೂ ಮೊದಲೇ ದಾಟಿರುತ್ತೀರಿ, ಹಾಗಾಗಿ ಈಗಲೇ ಹಾಕಿ.

ನೋಂದಣಿ ಅಂದ ಕೂಡಲೇ ಶೇಕಡಾ 18 ಜಿಎಸ್‌ಟಿಗೆ ಹೋಗುತ್ತದೆ ಅಂತ ಹೆದರಬೇಡಿ. ಹೊರದೇಶದ ಗ್ರಾಹಕರಿಗೆ ಕೊಟ್ಟು ವಿದೇಶಿ ಹಣದಲ್ಲಿ ದುಡ್ಡು ಪಡೆದ ಸೇವೆ ರಫ್ತು, ಅದಕ್ಕೆ ತೆರಿಗೆ ಸೊನ್ನೆ. ಎಲ್‌ಯುಟಿ ಅಂತ ಒಂದು ಮುಚ್ಚಳಿಕೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಆರ್‌ಎಫ್‌ಡಿ-11 ಫಾರ್ಮಿನಲ್ಲಿ ಸಲ್ಲಿಸಬೇಕು. ಹಣಕಾಸು ವರ್ಷಕ್ಕೊಮ್ಮೆ ಹೊಸದಾಗಿ ಸಲ್ಲಿಸಬೇಕು, ಏಪ್ರಿಲ್‌ನಲ್ಲಿ ಮರೆಯುವವರೇ ಜಾಸ್ತಿ. ಒಂದು ಎಚ್ಚರಿಕೆ: ಕೆಲವು ವಿದೇಶಿ ಕಂಪನಿಗಳು ಸ್ವಲ್ಪ ದಿನ ಆದ ಮೇಲೆ 'ಇನ್ನು ಮುಂದೆ ನಮ್ಮ ಇಂಡಿಯಾ ಕಂಪನಿಯಿಂದ ರೂಪಾಯಿಯಲ್ಲೇ ಕೊಡುತ್ತೇವೆ, ಇನ್‌ವಾಯ್ಸ್ ಅವರ ಹೆಸರಿಗೆ ಮಾಡಿ' ಅನ್ನುತ್ತವೆ. ಕೇಳಲು ಅನುಕೂಲವಾಗಿಯೇ ಇರುತ್ತದೆ. ಆದರೆ ಆ ಕ್ಷಣದಿಂದ ಅದು ರಫ್ತಲ್ಲ. ಇನ್‌ವಾಯ್ಸ್ ಮೇಲೆ ಶೇಕಡಾ 18 ಹಾಕಬೇಕು, ಅವರು ಟಿಡಿಎಸ್ ಕೂಡ ಹಿಡಿಯಬೇಕು. ಒಪ್ಪುವ ಮೊದಲು ಜಿಎಸ್‌ಟಿ ಯಾರು ಕೊಡುತ್ತಾರೆ ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ.

ಕಾಗದಪತ್ರದ ವಿಚಾರ. 44ಎಡಿಎಯಲ್ಲಿ ಖರ್ಚಿನ ಬಿಲ್ ಬೇಡ ಅಂದೆ, ಜಮೆಯ ದಾಖಲೆ ಬೇಡ ಅಂದಿಲ್ಲ. ಒಂದು ಎಕ್ಸೆಲ್ ಹಾಳೆ ಸಾಕು: ಇನ್‌ವಾಯ್ಸ್ ನಂಬರು, ದಿನಾಂಕ, ಎಷ್ಟು ಡಾಲರ್, ಮಧ್ಯದ ಪೇಮೆಂಟ್ ಆ್ಯಪ್ ಹಿಡಿದ ಶುಲ್ಕ, ಯಾವ ದರ, ಖಾತೆಗೆ ಬಿದ್ದ ರೂಪಾಯಿ. ಶುಲ್ಕ ಹಿಡಿದ ಮೇಲೆ ಉಳಿದದ್ದನ್ನೇ ಒಟ್ಟು ಜಮೆ ಅಂತ ಬರೆಯುವ ಅಭ್ಯಾಸ ಹಲವರಿಗಿದೆ, ಅದು ತಪ್ಪು. ಶುಲ್ಕ ಖರ್ಚಿನ ಕಡೆಯದ್ದು, ಅದು ಆ ಅರ್ಧದಲ್ಲೇ ಬಂತು. ಪ್ರತಿ ಜಮೆಗೂ ಬ್ಯಾಂಕಿನಿಂದ ಅಥವಾ ಆ್ಯಪ್‌ನಿಂದ ಎಫ್‌ಐಆರ್‌ಎ, ಅಂದರೆ ಹೊರದೇಶದಿಂದ ದುಡ್ಡು ಬಂತು ಅನ್ನುವ ಪತ್ರ, ಇಳಿಸಿಕೊಳ್ಳಿ. ಜಿಎಸ್‌ಟಿಯವರು ರಫ್ತಿಗೆ ಸಾಕ್ಷಿ ಕೇಳಿದರೆ ಇದೇ ಸಾಕ್ಷಿ.

ಅಮೆರಿಕದ ಕಂಪನಿ ನಿಮ್ಮಿಂದ ಡಬ್ಲ್ಯೂ-8ಬೆನ್ ಅನ್ನುವ ಫಾರ್ಮ್ ಕೇಳಿರಬಹುದು. ಹೆದರದೆ ತುಂಬಿ. ನಾನು ಅಮೆರಿಕದವಳಲ್ಲ ಅಂತ ಹೇಳುವ ಫಾರ್ಮ್ ಅದು. ವಿದೇಶಿ ತೆರಿಗೆ ನಂಬರ್ ಕೇಳುವ ಕಡೆ ನಿಮ್ಮ ಪ್ಯಾನ್ ಹಾಕಿ. ಸಹಿ ಮಾಡಿದ ವರ್ಷದ ನಂತರ ಮೂರು ಕ್ಯಾಲೆಂಡರ್ ವರ್ಷ ಮುಗಿಯುವ ತನಕ ನಡೆಯುತ್ತದೆ. ಕೆಲಸ ಪೂರ್ತಿ ಇಲ್ಲೇ ನಡೆಯುವುದರಿಂದ ಅಲ್ಲಿ ತೆರಿಗೆ ಬರುವುದಿಲ್ಲ. ಯಾರಾದರೂ ಡಬ್ಲ್ಯೂ-9 ಕಳಿಸಿದರೆ ಮಾತ್ರ ವಾಪಸ್ ಮಾಡಿ, ಅದು ಅಮೆರಿಕದ ತೆರಿಗೆದಾರರಿಗೆ.

ವೃತ್ತಿ ತೆರಿಗೆ ವರ್ಷಕ್ಕೆ ಗರಿಷ್ಠ 2,500. ಹಿಂದೆ ಕಂಪನಿ ಹಿಡಿಯುತ್ತಿತ್ತು, ಈಗ ಕರ್ನಾಟಕ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ನೀವೇ ಹೆಸರು ನೋಂದಾಯಿಸಿ ಕಟ್ಟಬೇಕು. ಹಳೆಯ ಪಿಎಫ್ ಮುರಿಯಬೇಡಿ. ಐದು ವರ್ಷದ ಸೇವೆ ಆಗಿಲ್ಲದಿದ್ದರೆ ತೆಗೆದ ದುಡ್ಡಿಗೂ ತೆರಿಗೆ ಬೀಳುತ್ತದೆ.

ರಿಟರ್ನ್ ಹಾಕುವ ಫಾರ್ಮ್ ಐಟಿಆರ್-4. ಸಂಬಳ, ಬಡ್ಡಿ, 44ಎಡಿಎ ಮೂರೂ ಅದರಲ್ಲಿ ಹಿಡಿಯುತ್ತವೆ. ಹಿಂದೆ ಹಾಕುತ್ತಿದ್ದ ಐಟಿಆರ್-1 ಈಗ ನಡೆಯುವುದಿಲ್ಲ. ಆ ಕಂಪನಿ ನಿಮಗೆ ಷೇರು ಕೊಟ್ಟಿದ್ದರೆ ಅಥವಾ ಹೊರದೇಶದಲ್ಲಿ ನಿಮ್ಮ ಹೆಸರಲ್ಲಿ ಖಾತೆ ಇದ್ದರೆ ಐಟಿಆರ್-4 ಕೂಡ ನಡೆಯುವುದಿಲ್ಲ, ಐಟಿಆರ್-3 ಹಾಕಿ ವಿದೇಶಿ ಆಸ್ತಿಯ ಪಟ್ಟಿ ಕೊಡಬೇಕು. ಸ್ಟಾರ್ಟಪ್‌ನವರು 'ಸ್ವಲ್ಪ ಷೇರು ಕೊಡುತ್ತೇವೆ' ಅಂದಾಗ ಖುಷಿಯಲ್ಲಿ ಇದನ್ನು ಯಾರೂ ಯೋಚಿಸುವುದಿಲ್ಲ. ಹಳೆಯ ತೆರಿಗೆ ಪದ್ಧತಿಗೆ ಹೋಗುವ ಆಸೆ ಇದ್ದರೂ ತಡೆಯಿರಿ. ಸಂಬಳದವರು ಪ್ರತಿ ವರ್ಷ ಬದಲಾಯಿಸಬಹುದು. ವೃತ್ತಿ ಆದಾಯ ಇರುವವರು 10-ಐಇಎ ಫಾರ್ಮ್ ಹಾಕಿ ಹಳೆಯದಕ್ಕೆ ಹೋಗಿ, ಮತ್ತೆ ಹೊಸದಕ್ಕೆ ಬಂದರೆ ಆಮೇಲೆ ಹಳೆಯದರ ಬಾಗಿಲು ಮುಚ್ಚಿದ ಹಾಗೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತದೆ, ಸೆಕ್ಷನ್ ನಂಬರ್‌ಗಳು ಬದಲಾಗುತ್ತವೆ. ನಿಮ್ಮ ಈ ವರ್ಷದ ರಿಟರ್ನ್ ಮಾತ್ರ ಹಳೆಯ 1961ರ ಕಾಯ್ದೆಯ ಪ್ರಕಾರವೇ.

ಒಂದು ಅಡ್ಡ ಪರಿಣಾಮ ಹೇಳಿಬಿಡುತ್ತೇನೆ. ಗೃಹಸಾಲಕ್ಕೆ ಹೋದಾಗ ಬ್ಯಾಂಕಿನವರು ಖಾತೆಯಲ್ಲಿ ಬಂದ 25 ಲಕ್ಷಕ್ಕಿಂತ ರಿಟರ್ನ್‌ನಲ್ಲಿ ತೋರಿಸಿದ ಆದಾಯವನ್ನೇ ಮುಖ್ಯವಾಗಿ ನೋಡುತ್ತಾರೆ. ಕಾನೂನು ಹೇಳುವುದು ಅರ್ಧ ಅಥವಾ ಅದಕ್ಕಿಂತ ಹೆಚ್ಚು ಅಂತ. ಎರಡು-ಮೂರು ವರ್ಷದಲ್ಲಿ ಮನೆ ಕೊಳ್ಳುವ ಯೋಚನೆ ಇದ್ದರೆ ಸ್ವಲ್ಪ ಜಾಸ್ತಿ ತೋರಿಸಿ, ಸ್ವಲ್ಪ ಜಾಸ್ತಿ ತೆರಿಗೆ ಕಟ್ಟುವುದು ಲಾಭವೇ ಆಗಬಹುದು. ಇದನ್ನು ಈಗಲೇ ಮನೆಯವರ ಜೊತೆ ಕೂತು ಲೆಕ್ಕ ಹಾಕಿ.

ಸಿಎ ಬೇಕಾ? ಈ ಒಂದು ವರ್ಷ ಬೇಕು ಅನ್ನುತ್ತೇನೆ. ಸಂಬಳವೂ ವೃತ್ತಿಯೂ ಬೆರೆತ ವರ್ಷ ಇದು, ಜೊತೆಗೆ ಜಿಎಸ್‌ಟಿ ನೋಂದಣಿ ಹೊಸದು. ಮುಂದಿನ ವರ್ಷದಿಂದ ಮಾರ್ಚ್‌ನ ಚಲನ್, ಐಟಿಆರ್-4 ಎರಡನ್ನೂ ನೀವೇ ಮಾಡಿಕೊಳ್ಳಬಹುದು. ಜಿಎಸ್‌ಟಿ ರಿಟರ್ನ್ ಮಾತ್ರ ಅವರಿಗೇ ಬಿಟ್ಟರೂ ತಪ್ಪಿಲ್ಲ. ಸಿಎ ಹತ್ತಿರ ಹೋದಾಗ ವಿದೇಶಿ ಗ್ರಾಹಕರಿರುವ ಫ್ರೀಲ್ಯಾನ್ಸರ್‌ಗಳ ಕೆಲಸ ಮಾಡಿದ್ದಾರಾ, ಎಲ್‌ಯುಟಿ ಹಾಕಿದ್ದಾರಾ ಅಂತ ಮೊದಲು ಕೇಳಿ. ಅಂಗಡಿ-ಮುಂಗಟ್ಟಿನ ಲೆಕ್ಕದಲ್ಲಿ ಪಳಗಿದವರಿಗೆ ಇದು ಹೊಸದಾಗಿರಬಹುದು. ಎರಡೂ ಪೋರ್ಟಲ್‌ಗಳಲ್ಲಿ ಮೊಬೈಲ್ ನಂಬರು, ಇಮೇಲ್ ನಿಮ್ಮದೇ ಇರಲಿ, ಅವರ ಆಫೀಸಿನದ್ದು ಬೇಡ. ನೋಟಿಸ್ ಬಂದರೆ ಆ ವಿಳಾಸಕ್ಕೇ ಬರುವುದು.